ಸಿಟ್ಟು ಇಳಿದ ಮೇಲಿನ ಲೆಕ್ಕ: ಬಾರ್ಬೇರಿಯನ್‌ನ ರೇಜ್, ಆಮೇಲಿನ ಸುಸ್ತು

ಕೇಳುವುದಕ್ಕಿಂತ ಓದುವುದೇ ಇಷ್ಟ ಅನ್ನುವವರಿಗಾಗಿ ಈ ವಾರದ ಸಂಚಿಕೆಯ ಬರಹ ರೂಪ.



ಇವತ್ತು ಒಂದು ಸಾವಿನಿಂದ ಶುರು ಮಾಡ್ತೀನಿ. ಗಾಬರಿ ಬೇಡ, ಸತ್ತಿದ್ದು ಕಾಗದದ ಮೇಲಿನ ಮನುಷ್ಯ. ಆದ್ರೆ ಅವನನ್ನ ಆಡಿಸ್ತಾ ಇದ್ದ ನನ್ನ ಗೆಳೆಯ ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ಅವನ ದೃಷ್ಟಿಯಲ್ಲಿ ಕೊಂದಿದ್ದು ನಾನು.

ಹೊಸಬರಿಗೆ ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದ್ರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಮಾತಲ್ಲೇ ಕಥೆ ಕಟ್ಟುತ್ತಾ ಆಡೋ ಆಟ. ಗೊಂದಲ ಬಂದ ಕಡೆ ಡೈಸ್ ಉರುಳಿಸ್ತಾರೆ. ಊರು, ಕಾಡು, ರಾಕ್ಷಸರು ಎಲ್ಲವನ್ನೂ ನಡೆಸೋನು ಡಂಜನ್ ಮಾಸ್ಟರ್. ಆ ದಿನ ಅದು ನಾನು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದರ 3.5 ಆವೃತ್ತಿ. 2003ರದ್ದು, ಹಳೇ ಪುಸ್ತಕ. ಹಳೇದು ಯಾಕೆ ಅಂದ್ರೆ, ಯಾರೋ ಅಣ್ಣ ಬಿಟ್ಟುಹೋದ ಪುಸ್ತಕ ಪುಕ್ಕಟೆ ಸಿಕ್ಕಿತ್ತು, ಅಷ್ಟೇ.

ಗೆಳೆಯನ ಪಾತ್ರ ಎಂಟನೇ ಲೆವೆಲ್‌ನ ಬಾರ್ಬೇರಿಯನ್. ದೊಡ್ಡ ಕೊಡಲಿ, ಕಡಿಮೆ ಮಾತು. ಬಾರ್ಬೇರಿಯನ್‌ನ ಬಂಡವಾಳ ಅಂದ್ರೆ ರೇಜ್. ಸಿಟ್ಟು ಅನ್ನೋದು ಸಣ್ಣ ಮಾತಾಯ್ತು. ರೊಚ್ಚು ಅನ್ನಿ, ಮೈಮೇಲೆ ಬಂದ ಹಾಗೆ. ಆ ಪುಸ್ತಕದ ಪ್ರಕಾರ ರೇಜ್ ಬಂದಾಗ ಶಕ್ತಿ 4 ಏರುತ್ತೆ, ದೇಹದಾರ್ಢ್ಯ 4 ಏರುತ್ತೆ, ಮನಸ್ಸಿನ ಮೇಲಿನ ಮಾಟ ಮಂತ್ರ ತಡೆಯೋಕೆ 2 ಜಾಸ್ತಿ ಸಿಗುತ್ತೆ. ಎರಡು ಕೈಯಲ್ಲಿ ಕೊಡಲಿ ಹಿಡಿದಿದ್ರೆ ಪ್ರತಿ ಪೆಟ್ಟಿಗೂ ಸುಮಾರು 3 ಪಾಯಿಂಟ್ ಹೆಚ್ಚು. ಇದಕ್ಕೆ ಪ್ರತಿಯಾಗಿ ರಕ್ಷಣೆ 2 ಇಳಿಯುತ್ತೆ. ಇಪ್ಪತ್ತು ಮುಖದ ಡೈಸ್‌ನಲ್ಲಿ 2 ಅಂದ್ರೆ ನೂರಕ್ಕೆ ಹತ್ತು. ಅಂದ್ರೆ ಶತ್ರುವಿನ ನೂರು ಏಟಲ್ಲಿ ಹತ್ತು ಏಟು ಹೆಚ್ಚಿಗೆ ತಾಗುತ್ತೆ. ಮಂತ್ರ ಹಾಕೋ ಹಾಗಿಲ್ಲ, ತಾಳ್ಮೆ ಬೇಕಾದ ಕೆಲಸ ಮಾಡೋ ಹಾಗಿಲ್ಲ. ಬೀಗ ಮುರೀಬಹುದು, ತೆಗೆಯೋಕಾಗಲ್ಲ!

ಇಷ್ಟು ಎಲ್ಲರಿಗೂ ನೆನಪಿರುತ್ತೆ. ಯಾರಿಗೂ ನೆನಪಿಲ್ಲದಿರೋದು ಮುಂದಿನ ಭಾಗ.

ದೇಹದಾರ್ಢ್ಯ 4 ಏರಿದ್ರೆ ಪ್ರತಿ ಲೆವೆಲ್‌ಗೆ 2ರಂತೆ ಹಿಟ್ ಪಾಯಿಂಟ್ ಸಿಗುತ್ತೆ. ಎಂಟನೇ ಲೆವೆಲ್‌ಗೆ 16. ಬೇರೆ ಕಡೆ ಸಿಗೋ ತಾತ್ಕಾಲಿಕ ಪಾಯಿಂಟ್‌ಗಳು ಮೊದಲು ಖರ್ಚಾಗುತ್ತವೆ, ಗುರಾಣಿ ಥರ. ಇವು ಹಾಗಲ್ಲ. ಇವು ನಿಮ್ಮ ಸ್ವಂತ ಪಾಯಿಂಟ್‌ಗಳ ಜೊತೆ ಬೆರೆತುಬಿಡುತ್ತವೆ. ರೇಜ್ ಮುಗಿದ ತಕ್ಷಣ ಇರೋದ್ರಲ್ಲಿ 16 ಪೂರ್ತಿ ಕಳೀಬೇಕು. ಸಾಲ ಕೊಟ್ಟೋನು ಬಾಗಿಲಲ್ಲೇ ನಿಂತಿರೋ ಹಾಗೆ.

ರೇಜ್ ಎಷ್ಟು ಹೊತ್ತು ಅಂದ್ರೆ, 3ಕ್ಕೆ ಏರಿದ ದೇಹದಾರ್ಢ್ಯದ ಬೋನಸ್ ಸೇರಿಸಿದಷ್ಟು ರೌಂಡು. ನಮ್ಮವನ ದಾರ್ಢ್ಯ 16 ಇತ್ತು, ರೇಜಲ್ಲಿ 20, ಬೋನಸ್ 5. ಒಟ್ಟು 8 ರೌಂಡ್. ಒಂದು ರೌಂಡ್ ಅಂದ್ರೆ ಆರು ಸೆಕೆಂಡ್. ಲೆಕ್ಕ ಹಾಕಿ, ನಲವತ್ತೆಂಟು ಸೆಕೆಂಡ್. ನಾವು ಆಡೋಕೆ ಒಂದೂವರೆ ಗಂಟೆ ತಗೊಂಡ ಜಗಳ, ಕಥೆಯೊಳಗೆ ಒಂದು ನಿಮಿಷವೂ ಅಲ್ಲ.

ಏಳನೇ ರೌಂಡಲ್ಲಿ ಕೊನೇ ಶತ್ರು ಬಿದ್ದ. ಬೀಳಿಸಿದ್ದು ಅವನೇ. ಎಲ್ಲರೂ ಎದ್ದು ಕೂಗಾಡಿದ್ವಿ. ಅವನ ಹತ್ರ ಆಗ ಉಳಿದಿದ್ದು 5 ಪಾಯಿಂಟ್. ನಮ್ಮ ಗುಂಪಿನ ಪುರೋಹಿತ ಪಕ್ಕದಲ್ಲೇ ನಿಂತಿದ್ದ, ಗಾಯ ಮಾಯಿಸೋ ಮಂತ್ರ ಇನ್ನೂ ಬಾಕಿ ಇತ್ತು. ಆದ್ರೆ ನಿಂತಿರೋನಿಗೆ ಯಾಕೆ ಮಂತ್ರ ಅಂತ ಬಿದ್ದಿದ್ದ ಇನ್ನೊಬ್ಬನ ಕಡೆ ಹೊರಟ. ಗೆಳೆಯ ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕ್ತಾ ಹೇಳಿದ: "ಸರಿ, ಜಗಳ ಮುಗೀತು, ರೇಜ್ ಬಿಟ್ಟೆ. ನಡೀರಿ, ಒಳಗೇನಿದೆ ನೋಡೋಣ."

ನಾನು ಹೇಳಿದೆ, "ಮಗಾ, 16 ಕಳಿ."

5ರಲ್ಲಿ 16 ಕಳೆದರೆ ಮೈನಸ್ 11. ಆ ಆವೃತ್ತಿಯಲ್ಲಿ ಮೈನಸ್ 10ಕ್ಕೇ ಸಾವು.

ಮೇಜಲ್ಲಿ ಯಾರೂ ಮಾತಾಡಲಿಲ್ಲ. ಗೆದ್ದ ಜಗಳದಲ್ಲಿ, ಶತ್ರುಗಳೆಲ್ಲ ಬಿದ್ದ ಮೇಲೆ, ನಿಂತ ಜಾಗದಲ್ಲೇ ಕುಸಿದು ಸತ್ತ. ಒಂದು ರೌಂಡ್ ಕಾದಿದ್ರೆ ಪುರೋಹಿತನ ಮಂತ್ರದಿಂದ ಕನಿಷ್ಠ ಅಂದ್ರೂ 10 ಪಾಯಿಂಟ್ ಸಿಗ್ತಿತ್ತು. ಆಗ ಮೈನಸ್ 1. ಬೀಳ್ತಿದ್ದ, ಸಾಯ್ತಿರಲಿಲ್ಲ. ಆ ಒಂದು ರೌಂಡ್ ಅವನ ಹತ್ರ ಇತ್ತು. ಅದನ್ನ ಅವನೇ ಬಿಟ್ಟುಕೊಟ್ಟಿದ್ದ. ನಂಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಅವನ ವಾದ ಇಷ್ಟೇ: "ಎಂಟು ವರ್ಷದಿಂದ ಯುದ್ಧ ಮಾಡ್ತಿರೋ ಮನುಷ್ಯನಿಗೆ ತನ್ನ ಮೈ ಹೆಂಗಿದೆ ಅಂತ ಗೊತ್ತಿರಲ್ವಾ? ನಂಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿರ್ತಿತ್ತು. ನೀನು ಹೇಳ್ಬೇಕಿತ್ತು." ಈಗ ಯೋಚಿಸಿದ್ರೆ ಅವನು ಹೇಳಿದ್ದು ಸರಿ. ಆವತ್ತು ನಾನು "ರೂಲ್ ಅಂದ್ರೆ ರೂಲ್" ಅಂದೆ.

ಬದುಕಿದ್ರೂ ಕಥೆ ಮುಗೀತಿರಲಿಲ್ಲ. ರೇಜ್ ಇಳಿದ ಮೇಲೆ ಫಟೀಗ್, ಅಂದ್ರೆ ಸುಸ್ತು. ಶಕ್ತಿಯಲ್ಲಿ 2 ಕಡಿಮೆ, ಚುರುಕಿನಲ್ಲಿ 2 ಕಡಿಮೆ, ಓಡೋ ಹಾಗಿಲ್ಲ, ಶತ್ರು ಮೇಲೆ ನುಗ್ಗೋ ಹಾಗಿಲ್ಲ. ಮಾಮೂಲಿ ಸುಸ್ತಿಗೆ ಎಂಟು ಗಂಟೆ ಪೂರ್ತಿ ವಿಶ್ರಾಂತಿ ಬೇಕು. ಬಾರ್ಬೇರಿಯನ್‌ಗೆ ಮಾತ್ರ ರಿಯಾಯಿತಿ, ಆ ಜಗಳ ಮುಗಿಯೋವರೆಗೆ ಅಷ್ಟೇ. ಆದ್ರೆ ಸುಸ್ತಾದೋನಿಗೆ ಮತ್ತೆ ಸುಸ್ತಾಗೋ ಕೆಲಸ ಆದ್ರೆ ಅದು ಎಕ್ಸಾಶನ್ ಆಗುತ್ತೆ, ಪೂರಾ ನಿತ್ರಾಣ. ಶಕ್ತಿ, ಚುರುಕು ಎರಡರಲ್ಲೂ 6 ಹೋಗುತ್ತೆ, ನಡಿಗೆ ಅರ್ಧಕ್ಕೆ ಇಳಿಯುತ್ತೆ. ಹದಿನೇಳನೇ ಲೆವೆಲ್‌ಗೆ ಬಂದ ಮೇಲೆ ರೇಜ್ ಇಳಿದರೂ ಸುಸ್ತಿಲ್ಲ. ಅಲ್ಲೀವರೆಗೆ ಬರೋ ಆಟಗಳು ಎಷ್ಟಿವೆ ಅನ್ನೋದು ಬೇರೆ ಪ್ರಶ್ನೆ. ನಮ್ಮದಂತೂ ಪರೀಕ್ಷೆ ಬಂದಾಗಲೆಲ್ಲ ನಿಲ್ಲುತ್ತೆ.

ಈ ಕ್ರೂರ ರೂಲ್ ಯಾರ ತಲೇಲಿ ಹುಟ್ಟಿತು ಅಂತ ಹುಡುಕೋಕೆ ಹೋದೆ, ಗೆಳೆಯನಿಗೆ ಉತ್ತರ ಕೊಡೋಕೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಬಾರ್ಬೇರಿಯನ್ 1985ರ ಅನ್‌ಅರ್ಥ್ಡ್ ಅರ್ಕಾನಾ ಪುಸ್ತಕದಲ್ಲಿದ್ದಾನೆ, ಗ್ಯಾರಿ ಗೈಗ್ಯಾಕ್ಸ್ ಬರೆದಿದ್ದು. ತಮಾಷೆ ಅಂದ್ರೆ ಅವನಿಗೆ ಈಗಿನ ಥರದ ರೇಜ್ ಇಲ್ಲ. ಅವನಿಗಿದ್ದಿದ್ದು ಮಂತ್ರವಾದಿಗಳ ಮೇಲೆ ದ್ವೇಷ. ನಾವು ಇವತ್ತು ಆಡೋ ಲೆಕ್ಕದ ರೇಜ್ 2000ದ ಮೂರನೇ ಆವೃತ್ತಿಯದ್ದು.

ಆದ್ರೆ ಬೇರು ಅದಕ್ಕಿಂತ ತುಂಬಾ ಹಿಂದಿದೆ, ಐಸ್‌ಲ್ಯಾಂಡ್‌ನ ಸಾಗಾಗಳಲ್ಲಿ. ಹದಿಮೂರನೇ ಶತಮಾನದಲ್ಲಿ ಬರಹಕ್ಕಿಳಿದ ಕಥೆಗಳು. ಅಲ್ಲಿ ಬರ್ಸರ್ಕರ್ ಅಂತ ಯೋಧರು ಬರ್ತಾರೆ. ಕವಚ ಇಲ್ಲದೆ ನುಗ್ಗೋರು, ರೊಚ್ಚಿಗೆದ್ದು ತಮ್ಮ ಗುರಾಣಿಯನ್ನೇ ಕಚ್ಚೋರು. 1831ರಲ್ಲಿ ಸ್ಕಾಟ್‌ಲ್ಯಾಂಡ್‌ನ ಲೂಯಿಸ್ ದ್ವೀಪದಲ್ಲಿ ಸಿಕ್ಕ ಹಳೇ ಚೆಸ್ ಕಾಯಿಗಳಲ್ಲಿ ಕೆಲವು ಯೋಧರು ಕಣ್ಣು ಬಿಟ್ಕೊಂಡು ಗುರಾಣಿ ಅಂಚು ಕಚ್ಚಿ ನಿಂತಿದ್ದಾರೆ. ಫೋಟೊ ಹುಡುಕಿ ನೋಡಿ, ನಗು ಬರುತ್ತೆ, ಆಮೇಲೆ ಸ್ವಲ್ಪ ಭಯವೂ ಆಗುತ್ತೆ.

ಎಗಿಲ್‌ನ ಸಾಗಾದಲ್ಲಿ ಎಗಿಲ್‌ನ ಅಜ್ಜ ಒಬ್ಬ ಇದ್ದಾನೆ, ಕ್ವೆಲ್ಡುಲ್ಫ್ ಅಂತ. ಮುದುಕ. ಮಗನ ಕೊಲೆಗೆ ಸೇಡು ತೀರಿಸೋಕೆ ಹಡಗು ಹತ್ತಿ ಹೊಡೆದಾಡ್ತಾನೆ, ಮೈಮೇಲೆ ರೊಚ್ಚು ಬಂದು ಎದುರಿದ್ದೋರನ್ನೆಲ್ಲ ಕತ್ತರಿಸ್ತಾನೆ. ಅಲ್ಲಿ ಕಥೆ ಹೇಳೋನು ನಿಂತು ಒಂದು ವಿವರಣೆ ಕೊಡ್ತಾನೆ: ಇಂಥೋರಿಗೆ ರೊಚ್ಚು ಇರೋವರೆಗೆ ಎದುರು ಯಾರೂ ನಿಲ್ಲೋಕಾಗಲ್ಲ, ಇಳಿದ ಮೇಲೆ ಮಾಮೂಲಿಗಿಂತಲೂ ಬಲಹೀನರಾಗ್ತಾರೆ ಅಂತ. ಕ್ವೆಲ್ಡುಲ್ಫ್ ಆ ಜಗಳ ಆದ ಮೇಲೆ ಹಾಸಿಗೆ ಹಿಡೀತಾನೆ. ಐಸ್‌ಲ್ಯಾಂಡಿಗೆ ಹೋಗೋ ದಾರೀಲೇ ಸಾಯ್ತಾನೆ.

ಇದನ್ನ ಓದಿದಾಗ ರೋಮಾಂಚನ ಆಯ್ತು. ಪುಸ್ತಕದಲ್ಲಿರೋ "ಶಕ್ತಿ 2 ಕಡಿಮೆ" ಅನ್ನೋ ಒಣ ಸಾಲಿನ ಹಿಂದೆ ಇರೋದು ಇಂಥ ಮುದುಕ. ಗೆಳೆಯನಿಗೆ ಮೆಸೇಜ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಸರಿ, ಬೇರೆ ಆಟಗಳು ಇದನ್ನ ಹೇಗೆ ಸರಿ ಮಾಡೋಕೆ ನೋಡಿದವು? 2009ರ ಪಾತ್‌ಫೈಂಡರ್ ದಿನಕ್ಕೆ ಇಷ್ಟು ಸಲ ಅನ್ನೋದನ್ನ ಬಿಟ್ಟು ದಿನಕ್ಕೆ ಇಷ್ಟು ರೌಂಡ್ ಅಂತ ಕೊಟ್ಟಿತು, ಮೊಬೈಲ್ ಡೇಟಾ ಪ್ಯಾಕ್ ಥರ. ನಮ್ಮ ಎಂಟನೇ ಲೆವೆಲ್‌ನವನಿಗೆ 4, ದಾರ್ಢ್ಯದ 3, ಮೊದಲ ಲೆವೆಲ್ ಬಿಟ್ಟು ಮೇಲಿನ ಏಳಕ್ಕೆ ಎರಡೆರಡು, ಒಟ್ಟು 21 ರೌಂಡ್. ಬೇಕಾದಾಗ ಆನ್, ಬೇಡವಾದಾಗ ಆಫ್. ಸುಸ್ತು ಮಾತ್ರ ರೇಜ್‌ನಲ್ಲಿದ್ದದ್ದರ ಎರಡರಷ್ಟು ಹೊತ್ತು. ಐದು ರೌಂಡ್ ಕುಣಿದರೆ ಹತ್ತು ರೌಂಡ್ ಏದುಸಿರು. ಸುಸ್ತಿದ್ದಾಗ ಮತ್ತೆ ರೇಜ್ ಇಲ್ಲ. ನಂಗೆ ಇದು ಎಲ್ಲಕ್ಕಿಂತ ನ್ಯಾಯವಾದ ಲೆಕ್ಕ ಅನ್ಸುತ್ತೆ. ಎಷ್ಟು ಉಪಯೋಗಿಸಿದೆಯೋ ಅಷ್ಟಕ್ಕೇ ಬಿಲ್.

ಬಿಲ್ ಇದ್ದ ಕಡೆ ಬಿಲ್ ತಪ್ಪಿಸೋರೂ ಇರ್ತಾರಲ್ಲ! ಪಾತ್‌ಫೈಂಡರ್‌ನಲ್ಲಿ ಒಂದು ರೇಜ್‌ಗೆ ಒಂದೇ ಸಲ ಬಳಸಬಹುದಾದ ವಿಶೇಷ ಶಕ್ತಿಗಳಿವೆ. ಸುಸ್ತೇ ತಾಗದ ಹಾಗೆ ಮಾಡ್ಕೊಂಡ್ರೆ ಪ್ರತಿ ರೌಂಡೂ ರೇಜ್ ನಿಲ್ಲಿಸಿ ಮತ್ತೆ ಶುರು ಮಾಡಬಹುದು, ಆ ಶಕ್ತಿ ಪ್ರತಿ ಸಲ ಹೊಸದಾಗಿ ಸಿಗುತ್ತೆ. ಇದಕ್ಕೆ ಆಟಗಾರರು ರೇಜ್ ಸೈಕ್ಲಿಂಗ್ ಅಂತಾರೆ. ಸುಸ್ತು ತಪ್ಪಿಸೋಕೆ ಜಾಣರು ಕಂಡುಕೊಂಡ ದಾರಿ ಕೇಳಿ: ಒರಾಕಲ್ ಅನ್ನೋ ದೈವಜ್ಞರ ವರ್ಗದಲ್ಲಿ ಕುಂಟುತನದ ಶಾಪ ಇದೆ. ಒಂದು ಕಾಲು ಶಾಶ್ವತವಾಗಿ ಊನ, ವೇಗ ಕಡಿಮೆ. ಆದ್ರೆ ಮುಂದೆ ಅದೇ ಶಾಪ ಬಲಿತು ಸುಸ್ತಿನಿಂದ ರಕ್ಷಣೆ ಕೊಡುತ್ತೆ. ಹಾಗಾಗಿ ಒಂದೇ ಒಂದು ಲೆವೆಲ್ ಒರಾಕಲ್ ತಗೊಂಡು, ಕುಂಟುತ್ತಾ ಬಂದು, ದಣಿಯದೆ ಹೊಡೆಯೋ ಬಾರ್ಬೇರಿಯನ್‌ಗಳು ಹುಟ್ಟಿಕೊಂಡ್ರು. ಕಾಗದದ ಮೇಲೆ ಬುದ್ಧಿವಂತಿಕೆ, ಮೇಜಿನ ಮೇಲೆ ಬೋರು.

2015ರ ಪಾತ್‌ಫೈಂಡರ್ ಅನ್‌ಚೈನ್ಡ್ ಪುಸ್ತಕ ನನ್ನ ಗೆಳೆಯನ ಸಾವನ್ನ ನೇರವಾಗಿ ತಡೆಯಿತು. ಅಲ್ಲಿ ರೇಜ್ ಕೊಡೋದು ತಾತ್ಕಾಲಿಕ ಹಿಟ್ ಪಾಯಿಂಟ್. ಮೊದಲು ಅವೇ ಖರ್ಚು, ಕೊನೇಲಿ ಸಾಲ ವಸೂಲಿ ಇಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2014ರ ಐದನೇ ಆವೃತ್ತಿಯಲ್ಲಿ ಆ ಲೆಕ್ಕವನ್ನೇ ಕಿತ್ತುಹಾಕಿತು. ಹಿಟ್ ಪಾಯಿಂಟ್ ಏರಿಸೋ ಬದಲು ಕತ್ತಿ, ಈಟಿ, ದೊಣ್ಣೆ ಏಟುಗಳು ಅರ್ಧ ಮಾತ್ರ ತಾಗುತ್ತವೆ. ಒಂದು ನಿಮಿಷ ಇರುತ್ತೆ, ಮುಗಿದ್ರೆ ಮುಗೀತು, ಸುಸ್ತೇ ಇಲ್ಲ. ಈಗಿನ ಹೆಚ್ಚಿನ ಹುಡುಗರು ಕಲಿತಿರೋದು ಇದನ್ನೇ.

ಆದ್ರೆ ಬರ್ಸರ್ಕರ್ ಅನ್ನೋ ಒಂದು ಉಪಶಾಖೆಗೆ ಮಾತ್ರ ಹಳೇ ಸುಸ್ತನ್ನ ಉಳಿಸಿದ್ರು, ಅದೂ ವಿಪರೀತವಾಗಿ. ಫ್ರೆಂಜಿ ಅಂತ ಹೇಳಿ ರೇಜ್‌ಗೆ ಹೋದ್ರೆ ಪ್ರತಿ ಸರದಿಯಲ್ಲೂ ಒಂದು ಹೆಚ್ಚುವರಿ ಪೆಟ್ಟು. ಇಳಿದ ಮೇಲೆ ಒಂದು ಹಂತ ಎಕ್ಸಾಶನ್. ಆರು ಹಂತ ಇವೆ. ಮೂರನೇದಕ್ಕೆ ಬಂದ್ರೆ ಹೊಡೆಯೋವಾಗಲೆಲ್ಲ ಎರಡು ಡೈಸ್ ಹಾಕಿ ಕಡಿಮೆ ಬಂದಿದ್ದನ್ನೇ ತಗೋಬೇಕು. ಆರನೇದು ಸಾವು. ಒಂದು ಇಡೀ ರಾತ್ರಿ ಮಲಗಿ, ಊಟ ನೀರು ಆದ್ರೆ ಇಳಿಯೋದು ಒಂದೇ ಹಂತ. ದಿನಕ್ಕೆ ಮೂರು ಜಗಳ, ಮೂರು ಫ್ರೆಂಜಿ ಅಂದ್ರೆ ಮೂರು ರಾತ್ರಿ ಬೇಕು. ಅಷ್ಟು ಹೊತ್ತಿಗೆ ಕಥೆ ಎಲ್ಲೋ ಹೋಗಿರುತ್ತೆ. ನನ್ನ ಮೇಜಲ್ಲಿ ಬರ್ಸರ್ಕರ್ ಆಡಿದವಳು ಒಬ್ಬಳೇ, ಅವಳೂ ಫ್ರೆಂಜಿ ಮುಟ್ಟಿದ್ದು ಎರಡೇ ಸಲ. ಬೆಲೆ ನೋಡಿ ಅಂಗಡಿಯಿಂದ ವಾಪಸ್ ಬಂದ ಹಾಗೆ. 2024ರ ಹೊಸ ಪುಸ್ತಕದಲ್ಲಿ ಫ್ರೆಂಜಿಗೆ ಆ ಬೆಲೆಯನ್ನೇ ತೆಗೆದುಹಾಕಿದ್ದಾರೆ. ಈಗ ಬರೀ ಲಾಭ.

ಇಲ್ಲಿ ನನ್ನ ತಕರಾರು ಇದೆ. 2014ರದ್ದು ಕೆಟ್ಟ ರೂಲ್, ಒಪ್ತೀನಿ. ಐದು ನಿಮಿಷದ ಸಿಟ್ಟಿಗೆ ಮೂರು ದಿನ ಮಲಗೋ ಪಾತ್ರವನ್ನ ಯಾರು ಆಡ್ತಾರೆ? ಆದ್ರೆ ಬೆಲೆಯೇ ಇಲ್ಲ ಅಂದ್ರೆ ರೇಜ್ ಅನ್ನೋದು ಒಂದು ಬಟನ್ ಅಷ್ಟೇ. ನಮ್ಮ ಮೇಜಲ್ಲಿ ಜಗಳ ಶುರುವಾದ ಕ್ಷಣ "ರೇಜ್" ಅಂತ ಒತ್ತುತ್ತಾರೆ, ಯೋಚನೆ ಇಲ್ಲ. ಹಳೇ ಆಟದಲ್ಲಿ ಗೆಳೆಯ ಒಂದು ಸಲ ಎರಡು ರೌಂಡ್ ತಡೆದುಕೊಂಡು, ಹಲ್ಲು ಕಚ್ಚಿ, "ಇನ್ನೂ ಬೇಡ, ದೊಡ್ಡೋನು ಬರ್ಲಿ" ಅಂದಿದ್ದ. ಇಡೀ ಮೇಜು ಅವನ ಬಾಯಿ ನೋಡ್ತಿತ್ತು. ಆ ಎರಡು ರೌಂಡ್ ಹೊಸ ಆಟದಲ್ಲಿ ನಂಗೆ ಸಿಕ್ಕಿಲ್ಲ.

ಈಗ ನಾವು ಐದನೇ ಆವೃತ್ತಿಯನ್ನೇ ಆಡೋದು, ಜೊತೆಗೆ ಮನೆಯ ರೂಲ್ ಒಂದು. ಬೇಕು ಅನ್ನೋ ಬಾರ್ಬೇರಿಯನ್ ರೇಜ್‌ನಲ್ಲಿ ಒಂದು ಹೆಚ್ಚುವರಿ ಪೆಟ್ಟು ಕೇಳಿ ಪಡೀಬಹುದು. ಪಡೆದ್ರೆ ರೇಜ್ ಇಳಿದ ಮೇಲೆ, ಎಷ್ಟು ರೌಂಡ್ ಇದ್ದನೋ ಅದರ ಎರಡರಷ್ಟು ರೌಂಡ್ ಓಡೋ ಹಾಗಿಲ್ಲ, ಮತ್ತೆ ರೇಜ್ ಇಲ್ಲ. ಪಾತ್‌ಫೈಂಡರ್‌ನಿಂದ ಕದ್ದಿದ್ದು, ಮುಚ್ಚುಮರೆ ಏನಿಲ್ಲ. ಇನ್ನೊಂದು, ಇದು ಡಂಜನ್ ಮಾಸ್ಟರ್‌ಗೆ, ಅಂದ್ರೆ ನಂಗೆ: ರೇಜ್ ಇಳಿಯೋ ಮುಂಚಿನ ರೌಂಡಲ್ಲಿ "ಮೈ ನಡುಗ್ತಾ ಇದೆ, ಕಣ್ಣು ಮಂಜಾಗ್ತಿದೆ" ಅಂತ ಹೇಳಲೇಬೇಕು. ಪಾತ್ರಕ್ಕೆ ಗೊತ್ತಿರೋದು ಆಟಗಾರನಿಗೂ ಗೊತ್ತಾಗಲಿ.

ಗೆಳೆಯ ಮೂರನೇ ವಾರ ಬಂದ, ಹೊಸ ಕಾಗದ ಹಿಡ್ಕೊಂಡು. ಮತ್ತೆ ಬಾರ್ಬೇರಿಯನ್ನೇ, ಈ ಸಲ ಮುದುಕ. ಹೆಸರಿನ ಜಾಗದಲ್ಲಿ ಕ್ವೆಲ್ಡುಲ್ಫ್ ಅಂತ ಬರೆದಿದ್ದ, ಸ್ಪೆಲ್ಲಿಂಗ್ ತಪ್ಪಿತ್ತು. ನಾನು ತಿದ್ದಲಿಲ್ಲ. ಕೂತ ತಕ್ಷಣ ಪುರೋಹಿತನ ಕಡೆ ತಿರುಗಿ, "ಲೋ, ನಾನು ನಿಂತಿದ್ರೂ ನನ್ನ ಕಡೆ ಒಂದ್ಸಲ ನೋಡು," ಅಂದ.

ಮುಂದಿನ ವಾರ ಮಂತ್ರವಾದಿಗಳ ನಿದ್ದೆ ಬಗ್ಗೆ ಮಾತಾಡೋಣ. ನಿಮ್ಮ ಮೇಜಲ್ಲಿ ರೇಜ್ ಇಳಿದ ಮೇಲೆ ಏನಾಗುತ್ತೆ ಅಂತ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ. ಸಿಗೋಣ.