ಪ್ರಿಮಿಲೆನಿಯಲ್ ಅಂದ್ರೆ ಯಾವುದಕ್ಕೆ ಮೊದಲು?

ಇವತ್ತಿನ ಪದ ಪ್ರಿಮಿಲೆನಿಯಲ್. ಅಮೆರಿಕದ ಚರ್ಚು, ರಾಜಕೀಯದ ಬಗ್ಗೆ ಇಂಗ್ಲಿಷ್ ಲೇಖನ ಓದುವಾಗ ಇದು ಎದುರಾಗುತ್ತೆ. ಮಿಲೆನಿಯಲ್ಸ್ ಅಂದ್ರೆ ಎಂಬತ್ತು, ತೊಂಬತ್ತರ ದಶಕದಲ್ಲಿ ಹುಟ್ಟಿದವರು. ಹಾಗಾದ್ರೆ ಪ್ರಿಮಿಲೆನಿಯಲ್ ಅಂದ್ರೆ ಅವರ ಅಪ್ಪ-ಅಮ್ಮನ ಕಾಲದವರಾ? ಅಲ್ಲ.

ಲ್ಯಾಟಿನ್‌ನಲ್ಲಿ ಮಿಲ್ಲೆ ಅಂದ್ರೆ ಸಾವಿರ, ಆನ್ನುಸ್ ಅಂದ್ರೆ ವರ್ಷ. ಆದ್ರೆ ಈ ಪದದಲ್ಲಿರೋ ಸಾವಿರ ವರ್ಷ ಕ್ಯಾಲೆಂಡರಿನದ್ದಲ್ಲ. ಬೈಬಲ್ಲಿನ ಕೊನೇ ಪುಸ್ತಕ, ಕನ್ನಡದಲ್ಲಿ ‘ಪ್ರಕಟನೆ’. ಅದರ 20ನೇ ಅಧ್ಯಾಯದಲ್ಲಿ ಸೈತಾನನನ್ನ ಸಾವಿರ ವರ್ಷ ಕಟ್ಟಿಹಾಕೋದು, ಕ್ರಿಸ್ತನ ಜೊತೆ ಭಕ್ತರು ಆಳೋದು ಬರುತ್ತೆ. ಕ್ರಿಸ್ತ ಮತ್ತೆ ಬರೋದು ಆ ಆಳ್ವಿಕೆಗೆ ಮೊದಲೋ, ಆಮೇಲೋ? ಮೊದಲು ಅನ್ನೋರು ಪ್ರಿಮಿಲೆನಿಯಲ್. ಆಮೇಲೆ ಅನ್ನೋರು ಪೋಸ್ಟ್‌ಮಿಲೆನಿಯಲ್. ಸಾವಿರ ಅನ್ನೋದೇ ಬರೀ ಸಂಕೇತ ಅನ್ನೋ ಮೂರನೇ ಗುಂಪೂ ಇದೆ, ಅದನ್ನ ಇವತ್ತು ಬಿಡೋಣ.

ಮೊದಲೋ ಆಮೇಲೋ, ಅದರಿಂದ ಏನಾಗಬೇಕು ಅಂತೀರಾ? ಈಗ ನಾವೇನು ಮಾಡಬೇಕು ಅನ್ನೋದೇ ಬದಲಾಗುತ್ತೆ. 19ನೇ ಶತಮಾನದ ಅಮೆರಿಕದಲ್ಲಿ ಪೋಸ್ಟ್‌ಮಿಲೆನಿಯಲ್ ನಂಬಿಕೆಯ ಅನೇಕರು, ಲೋಕವನ್ನ ತಿದ್ದಿ ಆ ಒಳ್ಳೇ ಕಾಲವನ್ನ ಹತ್ತಿರ ತರಬೇಕು ಅಂತ ಗುಲಾಮಗಿರಿ ವಿರುದ್ಧ ನಿಂತರು. ಚಾರ್ಲ್ಸ್ ಫಿನ್ನಿ ಅಂಥವರಲ್ಲೊಬ್ಬರು. ಪ್ರಿಮಿಲೆನಿಯಲ್ ಬೋಧಕ ಡಿ. ಎಲ್. ಮೂಡಿಗೆ ಇದೇ ಲೋಕ ಒಡೆದ ಹಡಗು. ಸಾಧ್ಯವಾದಷ್ಟು ಜನರನ್ನ ಲೈಫ್‌ಬೋಟಿಗೆ ಹತ್ತಿಸೋದೇ ತಮ್ಮ ಕೆಲಸ ಅಂತಿದ್ದರು. ಹಾಗಂತ ಅವರೇನೂ ಕೈಕಟ್ಟಿ ಕೂರಲಿಲ್ಲ, ಶಾಲೆಗಳನ್ನ ಕಟ್ಟಿದರು.

ತಾರೀಕನ್ನೇ ನಂಬಿದವರೂ ಇದ್ರು. ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್ ಬೈಬಲ್ ಲೆಕ್ಕ ಹಾಕಿ, ಕ್ರಿಸ್ತನ ಬರವು ಹತ್ತಿರದಲ್ಲೇ ಇದೆ ಅಂತ ಸಾರಿದ್ದ. ಕೊನೆಗೆ 1844ರ ಅಕ್ಟೋಬರ್ 22 ಅಂತ ಗಟ್ಟಿಯಾಯ್ತು. ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟವರಿದ್ದರು. ಮಾರನೇ ದಿನ ಎಂದಿನಂತೆ ಬೆಳಗಾಯಿತು. ಚರಿತ್ರೆಯಲ್ಲಿ ಅದರ ಹೆಸರು ‘ಮಹಾ ನಿರಾಶೆ’.

ಕ್ಯಾಲೆಂಡರ್ ಅರ್ಥದ ಬಳಕೆ ಬೇರೆ. 2000 ಬರೋಕೆ ಮುಂಚೆ ಕಂಪ್ಯೂಟರ್‌ಗಳು ಕೈಕೊಡುತ್ತವೆ ಅನ್ನೋ ವೈಟುಕೆ ಭಯ ಇತ್ತಲ್ಲ, ಭಾರತದ ಸಾಫ್ಟ್‌ವೇರ್ ಕಂಪನಿಗಳಿಗೆ ಕೈತುಂಬ ಕೆಲಸ ತಂದಿದ್ದು? ಆ ದಿನಗಳಿಗೆ ಪ್ರಿ-ಮಿಲೆನಿಯಮ್ ಅಂತಿದ್ರು. ಬ್ರಿಟಿಷ್ ಸಂಗೀತಗಾರ ಟ್ರಿಕಿಯ 1996ರ ಆಲ್ಬಮ್ ಹೆಸರೇ ‘ಪ್ರಿ-ಮಿಲೆನಿಯಮ್ ಟೆನ್ಷನ್’.

ಹಾಗಾಗಿ ಪ್ರಿಮಿಲೆನಿಯಲ್ ಚರ್ಚ್ ಅನ್ನೋದನ್ನ ‘ಸಹಸ್ರಮಾನ ಪೂರ್ವ ಚರ್ಚ್’ ಅಂತ ಕನ್ನಡಕ್ಕೆ ತಂದ್ರೆ, ಓದೋರಿಗೆ ಅದು 2000ಕ್ಕಿಂತ ಮೊದಲಿನ ಕಟ್ಟಡ ಅನಿಸುತ್ತೆ. ‘ಸಾವಿರ ವರ್ಷದ ಆಳ್ವಿಕೆಗೆ ಮೊದಲೇ ಕ್ರಿಸ್ತ ಬರ್ತಾನೆ ಅಂತ ನಂಬೋ ಚರ್ಚ್’ ಅನ್ನಿ. ಉದ್ದ ಆಯ್ತು, ಆದ್ರೆ ಅರ್ಥ ತಪ್ಪಲ್ಲ.