ಜೇನುಪೆಟ್ಟಿಗೆ ತರೋದು ಸುಲಭ, ಇಡೋದೆಲ್ಲಿ?

ಊರಲ್ಲಿ ಅಪ್ಪನ ತೋಟ ಇದ್ದು, ತಾವು ಬೆಂಗಳೂರಲ್ಲೋ ಮಂಗಳೂರಲ್ಲೋ ಕೆಲಸ ಮಾಡ್ತಿರೋರಿಗೆ ಇವತ್ತಿನ ಸಂಚಿಕೆ. "ತೋಟದಲ್ಲಿ ಎರಡು ಜೇನುಪೆಟ್ಟಿಗೆ ಇಡೋಣ ಅಂತಿದ್ದೀನಿ" ಅನ್ನೋ ಮೆಸೇಜು ನನಗೆ ಆಗಾಗ ಬರುತ್ತೆ. ಯಾವ ಪೆಟ್ಟಿಗೆ, ಎಷ್ಟು ರೇಟು, ತೋಟಗಾರಿಕೆ ಇಲಾಖೆಯ ಸಬ್ಸಿಡಿ ಸಿಗುತ್ತಾ, ಎಲ್ಲಾ ಕೇಳ್ತಾರೆ. ಎಲ್ಲಿ ಇಡೋದು ಅಂತ ಮಾತ್ರ ಯಾರೂ ಕೇಳಲ್ಲ. ಮನೆ ಹಿಂದೆ ಜಾಗ ಇದೆಯಲ್ಲ, ಅಲ್ಲಿಟ್ರಾಯ್ತು!

ನಾನು ಬಿ.ಕಾಂ. ಓದಿದವಳು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ಇಲ್ಲಿ ಅಸೆಟ್ ಅಂದ್ರೆ ಮರದ ಪೆಟ್ಟಿಗೆ ಅಲ್ಲ, ಅದರೊಳಗಿನ ಕುಟುಂಬ. ಪುತ್ತೂರು, ಸುಳ್ಯ ಕಡೆ ಸಾಕೋದು ಹೆಚ್ಚಾಗಿ ನಮ್ಮ ತುಡುವೆ ಜೇನು. ಅದಕ್ಕೆ ಜಾಗ ಹಿಡಿಸದಿದ್ರೆ ರಾಣಿ ಸಮೇತ ಇಡೀ ಕುಟುಂಬ ಗೂಡು ಖಾಲಿ ಮಾಡಿ ಹೋಗುತ್ತೆ. ನೋಟಿಸ್ ಪಿರಿಯಡ್ ಏನೂ ಇಲ್ಲ. ಆಮೇಲೆ ನಿಮ್ಮ ಪುಸ್ತಕದಲ್ಲಿ ಉಳಿಯೋದು ಡಿಪ್ರಿಸಿಯೇಷನ್ ಒಂದೇ.

ಹೆಚ್ಚಿನವರು ಜಾಗ ನೋಡೋದು ಯಾವಾಗ? ಜನವರಿ, ಫೆಬ್ರವರಿಯಲ್ಲಿ ರಜೆಗೆ ಊರಿಗೆ ಹೋದಾಗ. ಆಗ ಎಲ್ಲಿ ನೋಡಿದ್ರೂ ಚೆನ್ನಾಗೇ ಕಾಣುತ್ತೆ. ಗೇರು ಹೂ ಬಿಟ್ಟಿರುತ್ತೆ. ರಬ್ಬರ್ ಎಲೆ ಉದುರಿಸಿ ಚಿಗುರ್ತಾ ಇರುತ್ತೆ. ರಬ್ಬರಿನಲ್ಲಿ ಜೇನಿಗೆ ರಸ ಸಿಗೋದು ಹೂವಿನಿಂದ ಅಲ್ಲ, ಚಿಗುರೆಲೆಯ ತೊಟ್ಟಿನ ತುದಿಯಲ್ಲಿರೋ ಸಣ್ಣ ಗ್ರಂಥಿಗಳಿಂದ. ಇದು ಗೊತ್ತಾದಾಗ ನನಗಂತೂ ಆಶ್ಚರ್ಯ ಆಯ್ತು. ಘಟ್ಟ ಹತ್ತಿ ಕೊಡಗಿಗೆ ಹೋದ್ರೆ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳುತ್ತೆ. ಆ ತಿಂಗಳುಗಳಲ್ಲಿ ಪೆಟ್ಟಿಗೆ ಎಲ್ಲಿಟ್ರೂ ಹೆಂಗೋ ನಡೆಯುತ್ತೆ.

ಜಾಗದ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್. ಮಳೆ ಬಿಡಲ್ಲ, ಹುಳು ಹೊರಗೆ ಹೋಗೋಕಾಗಲ್ಲ, ಹೋದ್ರೂ ಹೂ ಕಮ್ಮಿ. ಸಕ್ಕರೆ ಪಾಕ ಕೊಟ್ಟು ಉಳಿಸಿಕೊಳ್ತಾರೆ, ಸರಿ. ಆದ್ರೆ ಮರಿಹುಳುಗಳು ಬೆಳೆಯೋಕೆ ಪರಾಗ ಬೇಕೇ ಬೇಕು, ಅದು ಪಾಕದಲ್ಲಿ ಇಲ್ಲ. ಹತ್ತಿರ ತೆಂಗಿನ ಮರಗಳಿದ್ರೆ ಒಳ್ಳೇದು, ತೆಂಗು ವರ್ಷಪೂರ್ತಿ ಹೊಂಬಾಳೆ ಬಿಡ್ತಾನೇ ಇರುತ್ತೆ. ಇನ್ನೊಂದು, ನಾಚಿಕೆ ಮುಳ್ಳು. ಹೌದು, ಚಿಕ್ಕವರಿದ್ದಾಗ ಮುಟ್ಟಿ ಮುಟ್ಟಿ ಆಟ ಆಡ್ತಿದ್ವಲ್ಲ, ಅದೇ. ಅದರ ಗುಲಾಬಿ ಗುಂಡು ಹೂವಿನಿಂದ ಮಳೆಗಾಲದಲ್ಲಿ ಜೇನಿಗೆ ಪರಾಗ ಸಿಗುತ್ತೆ. ನಾವು ಅದನ್ನ ಕಳೆ ಅಂತ ಔಷಧಿ ಹೊಡೆದು ಸುಡ್ತೀವಿ! ಆದ್ದರಿಂದ ಜಾಗ ಆರಿಸೋಕೆ ಜುಲೈನಲ್ಲಿ ಒಂದ್ಸಲ ಊರಿಗೆ ಹೋಗಿ. ರಜೆ ಸಿಗಲ್ವಾ, ಮಳೆ ಬಿಟ್ಟ ಹೊತ್ತಲ್ಲಿ ಸುತ್ತಮುತ್ತ ಒಂದು ವಿಡಿಯೋ ಮಾಡಿ ಕಳಿಸೋಕೆ ಮನೆಯವರಿಗೆ ಹೇಳಿ.

ಸುತ್ತಮುತ್ತ ಅಂದ್ರೆ ಎಷ್ಟು ದೂರ? ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರ್ ಒಳಗೆ ಮೇವು ಹುಡುಕುತ್ತೆ ಅಂತ ಇಟ್ಕೊಳ್ಳಿ. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತ ಹಾಕಿದ್ರೆ ಸುಮಾರು 775 ಎಕರೆ ಆಗುತ್ತೆ. ನಿಮ್ಮದು ಎರಡು ಎಕರೆ. ಅಂದ್ರೆ ನೀವು ಪೆಟ್ಟಿಗೆ ಇಡ್ತಿರೋದು ಲೆಕ್ಕಪ್ರಕಾರ ಬೇರೆಯವರ ತೋಟದಲ್ಲೇ. ಅಲ್ಲಿ ಯಾವಾಗ ಏನು ಸಿಂಪಡಿಸ್ತಾರೆ ಅನ್ನೋದರ ಮೇಲೆ ನಿಮ್ಮ ಅಸೆಟ್ ನಿಂತಿದೆ.

ಗೇರನ್ನೇ ತಗೊಳ್ಳಿ. ಟೀ ಸೊಳ್ಳೆ ಅನ್ನೋ ಕೀಟದ ಕಾಟಕ್ಕೆ ಚಿಗುರುವಾಗ ಒಂದ್ಸಲ, ಹೂ ಬಿಡುವಾಗ ಒಂದ್ಸಲ, ಕಾಯಿ ಕಚ್ಚುವಾಗ ಇನ್ನೊಂದ್ಸಲ ಕೀಟನಾಶಕ ಹೊಡೆಯೋ ರೂಢಿ ಇದೆ. ಜೇನು ಹೂವಿಗೆ ಹೋಗೋ ಹೊತ್ತೂ ಅದೇ. ಬೇಡ ಅನ್ನೋಕೆ ನಮಗೆ ಹಕ್ಕಿಲ್ಲ, ಅವರ ವರ್ಷದ ಬೆಳೆ ಅದು. ಆದ್ರೆ ಬೆಳಗ್ಗೆ ಹತ್ತು ಗಂಟೆಗೆ ಹೊಡೆಯೋದಕ್ಕೂ ಸಂಜೆ ಹುಳು ಗೂಡು ಸೇರಿದ ಮೇಲೆ ಹೊಡೆಯೋದಕ್ಕೂ ತುಂಬಾ ವ್ಯತ್ಯಾಸ. ಇದನ್ನ ಪೆಟ್ಟಿಗೆ ತರೋ ಮುಂಚೆ ಹೋಗಿ ಮಾತಾಡಿ. ಯಾಕಂದ್ರೆ ಆಮೇಲೆ "ಆ ಕಡೆ ಬೇಡ, ಈ ಕಡೆ ಐವತ್ತು ಅಡಿ ಸರಿಸೋಣ" ಅಂದ್ರೆ ಆಗಲ್ಲ. ಹುಳು ಜಾಗವನ್ನೇ ನೆನಪಿಟ್ಟುಕೊಳ್ಳುತ್ತೆ. ಹೊರಗೆ ಹೋದದ್ದು ಹಳೇ ಜಾಗಕ್ಕೇ ಬಂದು ಖಾಲಿ ನೆಲದ ಮೇಲೆ ಸುತ್ತುತ್ತೆ. ಸರಿಸೋದಾದ್ರೆ ದಿನಕ್ಕೆ ಎರಡು ಮೂರು ಅಡಿಯಂತೆ ಸರಿಸಬೇಕು, ಇಲ್ಲಾಂದ್ರೆ ರಾತ್ರಿ ಬಾಯಿ ಮುಚ್ಚಿ ಎರಡು ಮೂರು ಕಿಲೋಮೀಟರ್ ದೂರಕ್ಕೇ ಒಯ್ಯಬೇಕು.

ಈಗ ನಿಮ್ಮ ತೋಟದೊಳಗೆ. ಅಡಿಕೆ ಮರದ ಬುಡ ತಂಪಾಗಿದೆ ಅಂತ ಅಲ್ಲಿ ಇಡ್ತಾರೆ. ಮೇಲಿಂದ ಸೋಗೆ ಬಿದ್ರೆ ಪೆಟ್ಟಿಗೆ ಕಥೆ ಮುಗೀತು. ತೆಂಗಿನ ಬುಡದ ಬಗ್ಗೆ ನಾನು ಹೇಳಬೇಕಾ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಕೆಳಗೆ ಸುರಿಯೋ ಮೈಲುತುತ್ತು, ಸುಣ್ಣದ ನೀರೂ ಪೆಟ್ಟಿಗೆ ಮೇಲೇ. ತೋಟದ ಅಂಚು ಒಳ್ಳೇದು. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳು ಬೇಕು. ಬಾಗಿಲು ಪೂರ್ವಕ್ಕಿದ್ರೆ ನೈಋತ್ಯದ ಗಾಳಿಮಳೆ ನೇರ ಒಳಗೆ ಹೊಡೆಯಲ್ಲ. ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿರಲಿ, ಇರುವೆ ಹತ್ತಲ್ಲ. ನೀರು ನಿಲ್ಲೋ ತಗ್ಗು ಬೇಡ, ಕೊಟ್ಟಿಗೆ ಮತ್ತು ಕಾಲುದಾರಿ ಎದುರು ಬೇಡವೇ ಬೇಡ.

ಹತ್ತು ಪೆಟ್ಟಿಗೆ ತಂದು ಒಂದೇ ಕಡೆ ಸಾಲಾಗಿ ಜೋಡಿಸೋ ಆಸೆ ಕೆಲವರಿಗೆ. ಫೋಟೋ ಚೆನ್ನಾಗಿ ಬರುತ್ತೆ, ನಿಜ. ಆದ್ರೆ ನಿಮ್ಮೂರ ಹಿರಿಯ ಜೇನು ಕೃಷಿಕರನ್ನ 1990ರ ದಶಕದ ಶುರುವಿನ ಬಗ್ಗೆ ಕೇಳಿ. ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಸತ್ತುಹೋದವು. ಹುಳು ದಾರಿ ತಪ್ಪಿ ಪಕ್ಕದ ಗೂಡಿಗೆ ಹೊಕ್ಕರೆ, ಮೇವಿಲ್ಲದಾಗ ಒಂದು ಇನ್ನೊಂದರ ತುಪ್ಪ ಕದ್ದರೆ ರೋಗವೂ ಜೊತೆಗೆ ಹೋಗುತ್ತೆ. ಅದಕ್ಕೇ ಹತ್ತು ಬೇಡ, ಮೊದಲ ವರ್ಷ ಎರಡು ಸಾಕು. ಆ ಎರಡನ್ನೂ ತೋಟದ ಎರಡು ದಿಕ್ಕಿಗೆ ಇಡಿ. ಯಾವ ಕಡೆಯದು ಮಳೆಗಾಲ ದಾಟಿತು ನೋಡ್ಕೊಂಡು ಮೂರನೇದು ಅಲ್ಲಿಗೆ.

ಮತ್ತೆ ಮೊದಲ ಸಲ ಜೇನು ತೆಗೆದಾಗ ಒಂದು ಬಾಟ್ಲಿ ಆ ಗೇರು ತೋಟದವರಿಗೆ ತಲುಪಿಸಿ. ಲೆಕ್ಕದಲ್ಲಿ ಅದನ್ನ ಇನ್ಶೂರೆನ್ಸ್ ಪ್ರೀಮಿಯಂ ಅಂತ ಬರ್ಕೊಳ್ಳಿ.

ನಿಮ್ಮೂರಲ್ಲಿ ಜುಲೈನಲ್ಲಿ ಯಾವ ಹೂ ಅರಳುತ್ತೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.