ನಡುರಾತ್ರಿಯ ಎಚ್ಚರ, ಮೈಕೈ ಸುಸ್ತು: ಮೆಗ್ನೀಸಿಯಂ ಗುಳಿಗೆ ಯಾರಿಗೆ ಬೇಕು?

(ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ವೈದ್ಯರು ನೀಡಿದ ಆರೋಗ್ಯ ಉಪನ್ಯಾಸ)



ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಾಗಿರಬೇಕು. ಕಾಯ ಗಟ್ಟಿಯಾಗಿರಬೇಕಾದರೆ ರಾತ್ರಿ ನೆಮ್ಮದಿಯ ನಿದ್ರೆ ಬೇಕು. ಆದರೆ ಇಲ್ಲಿಗೆ ಬರುವ ಅನೇಕರು, "ನಿದ್ದೆ ಹತ್ತುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ಹತ್ತುವುದಿಲ್ಲ, ಕೈಕಾಲಲ್ಲಿ ಕಸುವೇ ಇಲ್ಲ" ಎನ್ನುತ್ತಾರೆ. ಅದರ ಬೆನ್ನಿಗೇ, "ಮೆಗ್ನೀಸಿಯಂ ಗುಳಿಗೆ ಒಳ್ಳೆಯದಂತೆ, ಯಾವುದು ತೆಗೆದುಕೊಳ್ಳಲಿ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಒಂದು ಪ್ರಸಂಗ ಹೇಳುತ್ತೇನೆ.

ಒಬ್ಬ ಯುವಕ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಕೈಯಲ್ಲಿ ಮೆಗ್ನೀಸಿಯಂ ಗುಳಿಗೆಯ ಡಬ್ಬಿ. ಎರಡು ದಿನದ ಕೂಲಿ ಕೊಟ್ಟು ಕೊಂಡದ್ದು. "ಸಾಹೇಬ್ರ, ನಮ್ಮವ್ವಗ ರಾತ್ರಿ ನಿದ್ದಿ ಇಲ್ರೀ, ಇದನ್ನ ಕೊಡಬೌದೇನ್ರೀ?" ಎಂದ. ತಾಯಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಕಾಲಿಗೆ ಬಾವು. ಹಳೆಯ ಫೈಲು ತೆರೆದು ನೋಡಿದರೆ ಕ್ರಿಯೇಟಿನಿನ್ 2.4 ಇತ್ತು. ಅಂದರೆ ಮೂತ್ರಪಿಂಡ ಆಗಲೇ ಸೋತಿತ್ತು. "ಅವ್ವಾ, ಎಚ್ಚರ ಆದ ಕೂಡಲೆ ಏನು ಮಾಡ್ತೀರಿ?" ಎಂದು ಕೇಳಿದೆ. "ಮೂತ್ರಕ್ಕ ಹೋಗ್ತೀನಪ್ಪಾ, ರಾತ್ರಿ ನಾಕು ಸಲ" ಎಂದರು. ಬಾವು ಇಳಿಯಲು ಕೊಟ್ಟ, ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಅವರು ರಾತ್ರಿ ಊಟದ ನಂತರ ನುಂಗುತ್ತಿದ್ದರು. ಅದನ್ನು ಬೆಳಿಗ್ಗೆಗೆ ಬದಲಿಸಿ, ಸಕ್ಕರೆಯನ್ನು ಹತೋಟಿಗೆ ತಂದೆವು. ಎರಡು ವಾರದ ನಂತರ ರಾತ್ರಿ ಏಳುವುದು ಒಂದು ಸಲಕ್ಕೆ ಇಳಿಯಿತು. ಡಬ್ಬಿಯನ್ನು ಒಡೆಯಲೇ ಇಲ್ಲ. ಒಡೆದು ದಿನಾಲೂ ಕೊಟ್ಟಿದ್ದರೆ ಆ ತಾಯಿಗೆ ಅಪಾಯವಿತ್ತು. ಏಕೆಂದು ಮುಂದೆ ಹೇಳುತ್ತೇನೆ.

ಮೆಗ್ನೀಸಿಯಂ ನಮ್ಮ ದೇಹಕ್ಕೆ ಬೇಕಾದ ಖನಿಜ. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ, ಉಳಿದದ್ದರಲ್ಲಿ ಬಹುಪಾಲು ಸ್ನಾಯು ಮುಂತಾದ ಅಂಗಾಂಶಗಳಲ್ಲಿ. ಸ್ನಾಯು ಬಿಗಿದು ಸಡಿಲಾಗಲು, ನರಗಳು ಶಾಂತವಾಗಿರಲು ಇದು ಬೇಕು. ತೀರಾ ಕಡಿಮೆಯಾದರೆ ಸುಸ್ತು, ಸೆಳೆತ, ಎದೆಬಡಿತದಲ್ಲಿ ಏರುಪೇರು ಕಾಣಿಸುತ್ತವೆ. ಬಹಳ ದಿನ ಭೇದಿಯಾದವರಲ್ಲಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಲ್ಲಿ, ಮದ್ಯಪಾನಿಗಳಲ್ಲಿ, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಲ್ಲಿ, ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂತಹ ಗ್ಯಾಸ್ ಗುಳಿಗೆಯನ್ನು ವರ್ಷಗಟ್ಟಲೆ ಬಿಡದೆ ನುಂಗುವವರಲ್ಲಿ ಕೊರತೆ ಬರಬಹುದು. ಇಂಥವರು ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಗ್ಯಾಸ್ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕೊರತೆ ಇಲ್ಲದವರಿಗೆ ಇದರಿಂದ ನಿದ್ರೆ ಬರುತ್ತದೆಯೇ? 2021ರಲ್ಲಿ ವೃದ್ಧರ ಮೇಲೆ ನಡೆದ ಮೂರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿದ್ದವರು ಕೇವಲ 151 ಜನ. ನಿದ್ರೆ ಹತ್ತುವುದು ಸುಮಾರು 17 ನಿಮಿಷ ಬೇಗವಾಯಿತು. ಆದರೆ ಒಟ್ಟು ನಿದ್ರೆಯ ಅವಧಿ ಹೆಚ್ಚಿತೆಂದು ಖಚಿತವಾಗಿ ತೋರಲಿಲ್ಲ, ಅಧ್ಯಯನಗಳ ಗುಣಮಟ್ಟವೂ ಕಡಿಮೆಯೇ ಆಗಿತ್ತು. ವಯಸ್ಸಾದವರ ಕಾಲು ಸೆಳೆತಕ್ಕೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು 2020ರ ಕೊಕ್ರೇನ್ ವಿಮರ್ಶೆ ಹೇಳಿದೆ. ಆದ್ದರಿಂದ ಕೆಲವರಿಗೆ ಸ್ವಲ್ಪ ಅನುಕೂಲವಾದೀತು, ಆದರೆ ಇದು ನಿದ್ರೆಯ ಔಷಧಿಯಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು? ಎಚ್ಚರವಾಗುವ ಕಾರಣ ಹುಡುಕಬೇಕು. ಮೂತ್ರಕ್ಕೆ ಏಳುತ್ತಿದ್ದರೆ ಸಕ್ಕರೆ ಪರೀಕ್ಷೆ, ಗಂಡಸರಾದರೆ ಪ್ರೋಸ್ಟೇಟ್ ಪರೀಕ್ಷೆ ಬೇಕು. ಜೋರಾಗಿ ಗೊರಕೆ ಹೊಡೆದು ಉಸಿರುಗಟ್ಟಿ ಏಳುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಇದು ರೋಗಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗುವವರೇ ವೈದ್ಯರಿಗೆ ಹೇಳಬೇಕು. ಸಂಜೆಯ ಚಹಾ, ಮದ್ಯ, ಮನಸ್ಸಿನ ಚಿಂತೆ, ಖಿನ್ನತೆ ಇವೂ ನಿದ್ರೆಯನ್ನು ಮುರಿಯುತ್ತವೆ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ದೋಷ, ಡಿ ಜೀವಸತ್ವದ ಕೊರತೆ, ಕೊಲೆಸ್ಟರಾಲ್ ಗುಳಿಗೆ ಹೀಗೆ ಹಲವು ಕಾರಣಗಳಿರುತ್ತವೆ.

ಈಗ ಆ ತಾಯಿಯ ವಿಷಯ. ಹೆಚ್ಚಾದ ಮೆಗ್ನೀಸಿಯಂ ಅನ್ನು ಹೊರಹಾಕುವುದು ಮೂತ್ರಪಿಂಡ. ಅದು ಸೋತಿದ್ದರೆ ಮೆಗ್ನೀಸಿಯಂ ರಕ್ತದಲ್ಲಿ ಸಂಗ್ರಹವಾಗುತ್ತದೆ. ಆಗ ವಾಕರಿಕೆ, ಮಂಪರು, ಬಿ.ಪಿ. ಇಳಿಯುವುದು, ಎದೆಬಡಿತ ನಿಧಾನವಾಗುವುದು, ಸ್ನಾಯುಗಳ ನಿಶ್ಶಕ್ತಿ ಕಾಣಿಸುತ್ತವೆ. ಯಾವ ಸುಸ್ತಿಗೆಂದು ನುಂಗಿದರೋ ಅದೇ ಹೆಚ್ಚಾಗುತ್ತದೆ. ಆದ್ದರಿಂದ ಕಿಡ್ನಿ ಕಾಯಿಲೆ ಇದ್ದವರು ವೈದ್ಯರು ಬರೆದುಕೊಡದೆ ಮೆಗ್ನೀಸಿಯಂ ಗುಳಿಗೆಯನ್ನಾಗಲಿ, ಮೆಗ್ನೀಸಿಯಂ ಇರುವ ಮಲಬದ್ಧತೆಯ ಔಷಧಿಯನ್ನಾಗಲಿ ಮುಟ್ಟಬಾರದು. ಸಕ್ಕರೆ, ಬಿ.ಪಿ. ಇದ್ದವರು ಮೊದಲು ಕ್ರಿಯೇಟಿನಿನ್ ನೋಡಿಸಿಕೊಳ್ಳಲಿ.

ವೈದ್ಯರು ಒಪ್ಪಿದರೆ ಹೇಗೆ ಆರಿಸಬೇಕು? ಡಬ್ಬಿಯ ಮುಂದಿನ ದೊಡ್ಡ ಅಂಕಿ ನೋಡಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿರುವ 'ಎಲಿಮೆಂಟಲ್ ಮೆಗ್ನೀಸಿಯಂ' ಪ್ರಮಾಣ ನೋಡಿ. 500 ಮಿಲಿಗ್ರಾಂ ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಸುಮಾರು 300 ಮಿ.ಗ್ರಾಂ, ಸಿಟ್ರೇಟ್‌ನಲ್ಲಿ 80, ಗ್ಲೈಸಿನೇಟ್‌ನಲ್ಲಿ 70 ಮಿ.ಗ್ರಾಂ ಮಾತ್ರ ನಿಜವಾದ ಮೆಗ್ನೀಸಿಯಂ ಇರುತ್ತದೆ. ಆಕ್ಸೈಡ್ ಅಗ್ಗ, ಆದರೆ ಮೈಗೆ ಹತ್ತುವುದು ಕಡಿಮೆ, ಭೇದಿಯಾಗಬಹುದು. ಸಿಟ್ರೇಟ್ ಚೆನ್ನಾಗಿ ಹತ್ತುತ್ತದೆ, ಮಲಬದ್ಧತೆ ಇದ್ದವರಿಗೆ ಅನುಕೂಲ. ಗ್ಲೈಸಿನೇಟ್ ಹೊಟ್ಟೆಗೆ ಹಗುರ, ಬೆಲೆ ಹೆಚ್ಚು. ರಾತ್ರಿ ಊಟದ ನಂತರ 100ರಿಂದ 200 ಮಿ.ಗ್ರಾಂ ಎಲಿಮೆಂಟಲ್ ಮೆಗ್ನೀಸಿಯಂ ಸಾಕು. ನಾಲ್ಕರಿಂದ ಆರು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ, ದುಡ್ಡು ಉಳಿಸಿ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರವಿರಲಿ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂತಹ ಔಷಧಿ ನಡೆಯುತ್ತಿದ್ದರೆ ಮುಗಿಯುವವರೆಗೆ ಇದನ್ನು ಬಿಡುವುದೇ ಸರಳ.

ಕಿಡ್ನಿ ಚೆನ್ನಾಗಿರುವವರಿಗೆ ಅಡುಗೆಮನೆಯೇ ಮೊದಲ ಔಷಧಾಲಯ. ವಯಸ್ಕರಿಗೆ ದಿನಕ್ಕೆ ಸುಮಾರು 300ರಿಂದ 400 ಮಿ.ಗ್ರಾಂ ಮೆಗ್ನೀಸಿಯಂ ಬೇಕು. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 130 ಮಿ.ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಸುಮಾರು 50 ಮಿ.ಗ್ರಾಂ ಸಿಗುತ್ತದೆ. ಸಜ್ಜೆ, ರಾಗಿ, ಎಳ್ಳು, ಕಾಳುಗಳು, ಸೊಪ್ಪು, ಕುಂಬಳ ಬೀಜದಲ್ಲೂ ಧಾರಾಳವಾಗಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬಹಳ ಕಡಿಮೆ. ಮಠದ ದಾಸೋಹದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಯ ಪ್ರಸಾದದಲ್ಲಿ ಏನಿದೆ ಎಂಬುದನ್ನು ಇನ್ನು ತಾವೇ ಲೆಕ್ಕ ಹಾಕಬಹುದು.

ಬಂಧುಗಳೇ, ಮುಂದಿನ ಸಲ ಬರುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಯಾವುದನ್ನು ಯಾವ ಹೊತ್ತಿಗೆ ನುಂಗುತ್ತೀರಿ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ನಾಚದೆ ಹೇಳಿ. ಹೊಸ ಡಬ್ಬಿ ಕೊಳ್ಳುವ ಮೊದಲು ಒಂದು ಮಾತು ಕೇಳಿ. ಎಲ್ಲರಿಗೂ ಸುಖನಿದ್ರೆ, ಆರೋಗ್ಯ ಲಭಿಸಲಿ.